ಬೆಸುಗೆ ಬಿದ್ದ ಜಾಗ ನೋಡು, ಮಗಳೇ

ಹೋದ ಭಾನುವಾರ ನೀನು ಫರೀದಾಬಾದಿನಿಂದ ಎರಡು ಮೆಟ್ರೊ ಬದಲಿಸಿ ನಮ್ಮ ಆರ್.ಕೆ. ಪುರಂ ಮನೆಗೆ ಬಂದೆ. ಊಟ ಮುಗಿಸಿ ಕೈ ತೊಳೆಯುತ್ತಾ ಒಂದು ಮಾತು ಹೇಳಿದೆ: "ದೊಡ್ಡಮ್ಮ, ನನ್ನ ಪಿಎಚ್‌ಡಿ ವಿಷಯ ಏನೂ ದೊಡ್ಡದಲ್ಲ. ಎರಡು ಪ್ರೋಟೀನ್ ತಗೊಂಡು ಒಂದಕ್ಕೊಂದು ಅಂಟಿಸೋದು, ಅಷ್ಟೆ." ನಿನಗೆ ಹಾಸ್ಟೆಲ್ಲಿಗೆ ಹೊತ್ತಾಗುತ್ತಿತ್ತು, ನಾನು ಸುಮ್ಮನಾದೆ. ಆದರೆ ಆ "ಅಷ್ಟೆ" ವಾರವೆಲ್ಲ ನನ್ನ ಕಿವಿಯಲ್ಲೇ ಉಳಿಯಿತು. ಮೂವತ್ತು ವರ್ಷ ದಿಲ್ಲಿಯ ಲ್ಯಾಬುಗಳಲ್ಲಿ ಅದೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ಫೋನಿನಲ್ಲಿ ಮುಗಿಯುವ ಮಾತಲ್ಲವೆಂದು ಬರೆಯುತ್ತಿದ್ದೇನೆ. ಪುರುಸೊತ್ತಿನಲ್ಲಿ ಓದು.

ಮೊದಲನೆಯದು, ನೀನು ಅಂಟಿಸುವುದಿಲ್ಲ. ಅಂಟು ಎಲ್ಲಿದೆ ಅಲ್ಲಿ? ಒಂದು ಜೀನಿನ ಬಾಲಕ್ಕೆ ಇನ್ನೊಂದು ಜೀನಿನ ತಲೆಯನ್ನು ಸೇರಿಸಿ, ಎರಡು ವಾಕ್ಯಗಳನ್ನು ಒಂದು ವಾಕ್ಯ ಮಾಡಿ ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಓದಲು ಕೊಡುತ್ತೀಯ. ಅದು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದಿ ಒಂದೇ ಉದ್ದನೆಯ ಸರಪಳಿ ಹೆಣೆಯುತ್ತದೆ. ಆ ಸರಪಳಿಯ ಒಂದು ಭಾಗ ಒಂದು ಪ್ರೋಟೀನಾಗಿ, ಇನ್ನೊಂದು ಭಾಗ ಇನ್ನೊಂದಾಗಿ ಮಡಚಿಕೊಂಡರೆ ನಿನ್ನ ಪುಣ್ಯ. ಇದಕ್ಕೇ ಫ್ಯೂಷನ್ ಪ್ರೋಟೀನ್ ಎನ್ನುವುದು. ನಾನು ಬೆಸುಗೆ ಪ್ರೋಟೀನ್ ಎನ್ನುತ್ತೇನೆ.

ಜೀವಕೋಶದೊಳಗೆ ಹೀಗೆ ಓದುವ ಯಂತ್ರಕ್ಕೆ ಪದಗಳ ನಡುವೆ ಜಾಗ ಬಿಟ್ಟು ಓದುವ ಪದ್ಧತಿ ಇಲ್ಲ. ಮೂರು ಮೂರು ಅಕ್ಷರ ಎಣಿಸಿಕೊಂಡು ಹೋಗುತ್ತದೆ. "ನಾಳೆಗೆ ಮಗಳ ಮದುವೆ" ಎಂದು ಬರೆದಿದ್ದೀಯ, ಎಲ್ಲವೂ ಮೂರಕ್ಷರದ ಪದ. ಸೇರಿಸುವಾಗ "ಮಗಳ" ಎಂಬಲ್ಲಿಯ "ಮ" ಬಿದ್ದುಹೋಯಿತು ಅಂದುಕೋ. ಯಂತ್ರ ಓದುವುದು "ನಾಳೆಗೆ ಗಳಮ ದುವೆ". ಮೊದಲ ಪದ ಸರಿಯಾಗಿಯೇ ಇದೆ. ಅದನ್ನೇ ನೋಡಿ ನೀನು ಸಮಾಧಾನಪಟ್ಟುಕೊಳ್ಳುತ್ತೀಯ, ಮದುವೆ ಮಾತ್ರ ಇಲ್ಲ. ಬೆಸುಗೆಯ ತಪ್ಪುಗಳು ಹೀಗೆಯೇ, ಅರ್ಧ ಸರಿಯಿದ್ದು ನಂಬಿಸುತ್ತವೆ.

ನನ್ನನ್ನೂ ನಂಬಿಸಿದ್ದವು. ಆಗ ನನಗೆ ಇಪ್ಪತ್ತೇಳು. ಯಾವ ಲ್ಯಾಬು ಎನ್ನುವುದು ಬೇಡ. ನಾನು ಬೆಸೆದದ್ದರಲ್ಲಿ ಮೊದಲ ಭಾಗದ ತೂಕ ಸುಮಾರು 30 ಕಿಲೋಡಾಲ್ಟನ್, ಎರಡೂ ಸೇರಿದರೆ 56 ಬರಬೇಕು. ಜೆಲ್‌ನಲ್ಲಿ 30ರ ಹತ್ತಿರ ದಪ್ಪನೆಯ ನೀಲಿ ಗೆರೆ, 56ರ ಜಾಗದಲ್ಲಿ ಏನೂ ಇಲ್ಲ. ಉದ್ದನೆಯದು ತಯಾರಾಗಿದೆ, ಆಮೇಲೆ ಮುರಿದಿದೆ ಎಂದು ನಾನೇ ತೀರ್ಮಾನಿಸಿಕೊಂಡೆ. ಮುರಿಯದಿರಲೆಂದು ಬೆಳೆಸುವ ಶಾಖ ಇಳಿಸಿದೆ, ಬ್ಯಾಕ್ಟೀರಿಯಾದ ತಳಿ ಬದಲಿಸಿದೆ, ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ದುಬಾರಿ ಔಷಧ ಸುರಿದೆ. ಎಂಟು ತಿಂಗಳು ಹೋಯಿತು. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಗಿ ಶೇಕರ್ ನಿಂತಾಗ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅಲ್ಮೋಡಾ ಕಡೆಯ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು. ನೀರು ತಂದುಕೊಟ್ಟು ಕೇಳಿದರು, "ಬೇಟಾ, ಜೋಡ್ ಪಢ್ ಲಿಯಾ?" ಜೋಡಿಸಿದ ಜಾಗ ಓದಿದ್ದೀಯಾ ಅಂತ.

ಓದಿರಲಿಲ್ಲ. ಆಗ ಸೀಕ್ವೆನ್ಸ್ ಓದುವುದೆಂದರೆ ವಿಕಿರಣ ಸೂಸುವ ರಾಸಾಯನಿಕ ಹಾಕಿ, ಉದ್ದದ ಜೆಲ್ ಓಡಿಸಿ, ಎಕ್ಸ್‌ರೇ ಫಿಲ್ಮಿನ ಮೇಲೆ ಒಂದೊಂದೇ ಅಕ್ಷರ ಬೆರಳಿಟ್ಟು ಓದಬೇಕು. ಬೇಸರಪಟ್ಟು ಬಿಟ್ಟಿದ್ದೆ. ಓದಿದಾಗ ಬೆಸುಗೆಯ ಜಾಗದಲ್ಲಿ ಮೂರಕ್ಷರ ಕಂಡಿತು: ಟಿ, ಎ, ಎ. ಮೊದಲ ಜೀನಿನ ಪೂರ್ಣವಿರಾಮ. ಅದನ್ನು ತೆಗೆಯದೆಯೇ ಎರಡನೆಯದನ್ನು ಸೇರಿಸಿದ್ದೆ. ಯಂತ್ರ ಅಲ್ಲಿಗೆ ಬಂದು ನಿಯಮದ ಪ್ರಕಾರ ನಿಂತಿತ್ತು. ಏನೂ ಮುರಿದಿರಲಿಲ್ಲ. ನನ್ನ ಎಂಟು ತಿಂಗಳೂ ಇಲ್ಲದ ರೋಗಕ್ಕೆ ಔಷಧ ಮಾಡುವುದರಲ್ಲಿ ಕಳೆದಿತ್ತು. ನಿನ್ನ ಕಾಲದಲ್ಲಿ ಆ ಕೆಲಸಕ್ಕೆ ಒಂದು ಟ್ಯೂಬು ಕೊರಿಯರ್ ಮಾಡಿದರೆ ಸಾಕು, ಕೆಲವೇ ದಿನಗಳಲ್ಲಿ ಇ-ಮೇಲ್ ಬರುತ್ತದೆ. ಆದರೂ ಓದದ ಮಕ್ಕಳನ್ನು ನಾನು ನಿವೃತ್ತಿಯ ದಿನದವರೆಗೂ ನೋಡಿದ್ದೇನೆ. ನೀನು ಅವರಲ್ಲೊಬ್ಬಳಾಗಬಾರದು.

ಇನ್ನು ನಮ್ಮ ದಿಲ್ಲಿಯ ವಿಷಯ. ಬೆಸುಗೆಯ ವಿದ್ಯೆಯೆಲ್ಲ ಅಮೆರಿಕದ್ದು ಎಂದು ನಿನ್ನ ಸಹಪಾಠಿಗಳು ಹೇಳಿದರೆ, ದಿಲ್ಲಿಯ ದಕ್ಷಿಣದ ಎರಡು ರಸ್ತೆಗಳನ್ನು ತೋರಿಸು.

ಒಂದು ಅರುಣಾ ಆಸಫ್ ಅಲಿ ಮಾರ್ಗ. ಜೆಎನ್‌ಯು ಪಕ್ಕದಲ್ಲಿ ರಾಷ್ಟ್ರೀಯ ರೋಗನಿರೋಧಶಾಸ್ತ್ರ ಸಂಸ್ಥೆ ಇದೆಯಲ್ಲ, ನಾವು ಎನ್‌ಐಐ ಅನ್ನುತ್ತೇವೆ, ಅದನ್ನು ಕಟ್ಟಿದವರು ಪ್ರೊ. ಜಿ.ಪಿ. ತಲ್ವಾರ್. ಬಸುರಾದಾಗ ಹೆಂಗಸಿನ ಮೈಯಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಬರುತ್ತದೆ. ಔಷಧದ ಅಂಗಡಿಯ ಪರೀಕ್ಷೆ ಪಟ್ಟಿಯಲ್ಲಿ ಎರಡನೆಯ ಗೆರೆ ಮೂಡಿಸುವುದು ಅದೇ. ಅದನ್ನು ತಡೆದರೆ ಗರ್ಭ ನಿಲ್ಲುವುದಿಲ್ಲ, ಮುಟ್ಟಿನ ಚಕ್ರ ಕೆಡುವುದಿಲ್ಲ. ಆದರೆ ನಮ್ಮದೇ ಹಾರ್ಮೋನಿನ ಮೇಲೆ ನಮ್ಮ ಮೈ ಯುದ್ಧ ಹೂಡುವುದಿಲ್ಲವಲ್ಲ. ಅದಕ್ಕೆ ತಲ್ವಾರ್ ಅವರು ಹಾರ್ಮೋನಿನ ಬೀಟಾ ತುಂಡನ್ನು ಧನುರ್ವಾಯುವಿನ ಟಾಕ್ಸಾಯ್ಡ್‌ನಂಥ ಪರಕೀಯ ವಸ್ತುವಿಗೆ ಕಟ್ಟಿ ಕೊಟ್ಟರು. ಪರಕೀಯನನ್ನು ಹಿಡಿಯಲು ಬಂದ ರಕ್ಷಣಾ ಪಡೆ ಅವನ ಜೊತೆಗಿದ್ದ ಮನೆಯವನನ್ನೂ ಹಿಡಿಯಿತು. 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 148 ಹೆಂಗಸರಿಗೆ ಚುಚ್ಚುಮದ್ದು ಕೊಟ್ಟಿದ್ದರು. 119 ಮಂದಿಯಲ್ಲಿ ಸಾಕಷ್ಟು ಪ್ರತಿಕಾಯ ಬಂತು. 1224 ಋತುಚಕ್ರಗಳಲ್ಲಿ ಒಂದೇ ಒಂದು ಗರ್ಭ. ಬೂಸ್ಟರ್ ನಿಲ್ಲಿಸಿದ ಮೇಲೆ ಪ್ರತಿಕಾಯ ಇಳಿದು ಮತ್ತೆ ಬಸುರಾಗುವ ಶಕ್ತಿ ಬಂತು.

ಅದು ರಾಸಾಯನಿಕವಾಗಿ ಕಟ್ಟಿದ್ದು, ಜೀನಿನಲ್ಲಿ ಬೆಸೆದದ್ದಲ್ಲ. ವ್ಯತ್ಯಾಸ ನಿನಗೆ ಸಾಗರದ ಮನೆಯ ಹಿತ್ತಿಲಿನಿಂದಲೇ ಗೊತ್ತು. ನಿನ್ನ ಅಜ್ಜ ಅಪ್ಪೆಮಿಡಿಗೆ ಕಸಿ ಕಟ್ಟುತ್ತಿದ್ದರು. ಒಳ್ಳೆಯ ಕೈ ಅವರದು. ಆದರೂ ಪ್ರತಿ ಗಿಡಕ್ಕೂ ಹೊಸದಾಗಿ ಕೊಯ್ದು, ಹೊಸದಾಗಿ ಕಟ್ಟಬೇಕು, ಒಂದು ಕೂಡಿದ ಹಾಗೆ ಇನ್ನೊಂದು ಕೂಡುತ್ತಿರಲಿಲ್ಲ. ರಾಸಾಯನಿಕ ಕಟ್ಟೂ ಹಾಗೆಯೇ. ಒಂದು ಅಣುವಿನಲ್ಲಿ ಇಲ್ಲಿ ಕಟ್ಟಿಕೊಂಡರೆ ಇನ್ನೊಂದರಲ್ಲಿ ಅಲ್ಲಿ, ಒಂದು ಬ್ಯಾಚಿನಂತೆ ಮತ್ತೊಂದಿಲ್ಲ. ಆದ್ದರಿಂದ ತಲ್ವಾರ್ ಅವರ ತಂಡ ಆಮೇಲೆ ಬೀಟಾ ಎಚ್‌ಸಿಜಿಯ ಬಾಲಕ್ಕೆ ಇ. ಕೋಲಿಯ ಎಲ್‌ಟಿಬಿ ಎಂಬ ತುಂಡನ್ನು ಜೀನಿನಲ್ಲಿಯೇ ಬೆಸೆದು ಯೀಸ್ಟಿನಲ್ಲಿ ತಯಾರಿಸಿತು. ಈಗ ಪ್ರತಿ ಅಣುವಿನಲ್ಲೂ ಬೆಸುಗೆ ಒಂದೇ ಜಾಗದಲ್ಲಿ, ಒಂದೇ ರೀತಿ. ಅಂಗಡಿಗೆ ಬರುವ ಲಸಿಕೆ ಅದಿನ್ನೂ ಆಗಿಲ್ಲ. ಆದರೆ ಕಟ್ಟುವುದರಿಂದ ಬೆಸೆಯುವುದಕ್ಕೆ ಯಾಕೆ ಹೋಗಬೇಕಾಯಿತು ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಸಿಕ್ಕಿಲ್ಲ.

ಅದೇ ರಸ್ತೆಯ ಐಸಿಜಿಇಬಿ ಸಂಶೋಧನಾ ಕೇಂದ್ರದಲ್ಲಿ ನವೀನ್ ಖನ್ನಾ ಅವರ ತಂಡ ಡೆಂಗಿಯ ನಾಲ್ಕೂ ಬಗೆಯ ವೈರಸ್ಸಿನ ಒಂದೊಂದು ತುಂಡನ್ನು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನಿಗೆ ಬೆಸೆದಿದೆ. ಆ ಕವಚಕ್ಕೆ ತಾನಾಗಿ ಉಂಡೆಕಟ್ಟುವ ಗುಣ. ಉಂಡೆಯ ಮೈಮೇಲೆ ಡೆಂಗಿಯ ತುಂಡುಗಳು, ಒಳಗೆ ವೈರಸ್ಸೇ ಇಲ್ಲ. ಇದನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. 1996ರ ದಿಲ್ಲಿಯನ್ನು ಕಂಡವಳು ನಾನು. ಹತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಡೆಂಗಿ ಬಂದು 423 ಮಂದಿ ಸತ್ತರು. ನಮ್ಮ ಕಾಲನಿಯಲ್ಲಿ ಕೂಲರಿನ ನೀರು ಚೆಲ್ಲದ ಮನೆಯಿರಲಿಲ್ಲ. ಇಂಥ ಕೆಲಸ ನಿಧಾನ ಎಂದು ನೀನು ಹೇಳುವಾಗ ನನಗೆ ಆ ವರ್ಷ ನೆನಪಾಗುತ್ತದೆ.

ಇನ್ನೊಂದು ರಸ್ತೆ ಧೌಲಾ ಕುವಾ ಹತ್ತಿರದ್ದು, ದಿಲ್ಲಿ ವಿಶ್ವವಿದ್ಯಾಲಯದ ಸೌತ್ ಕ್ಯಾಂಪಸ್. ಅಲ್ಲಿಯ ಜೀವರಸಾಯನ ವಿಭಾಗದಲ್ಲಿದ್ದ ಪ್ರೊ. ವಿಜಯ್ ಚೌಧರಿ ಅವರ ಕೆಲಸವನ್ನು ನೀನು ಕೂತು ಓದಲೇಬೇಕು. ಚೌಧರಿ ಮೊದಲು ಅಮೆರಿಕದ ಎನ್‌ಐಎಚ್ ಸಂಶೋಧನಾ ಸಂಸ್ಥೆಯಲ್ಲಿ ಐರಾ ಪಾಸ್ಟನ್ ಅವರ ಜೊತೆಗಿದ್ದರು. ಪ್ರತಿಕಾಯದ ಹಿಡಿಯುವ ತುದಿಯನ್ನು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ವಿಷಕ್ಕೆ ಬೆಸೆದು, ಗುರಿಯಿಟ್ಟ ಜೀವಕೋಶವನ್ನು ಮಾತ್ರ ಕೊಲ್ಲುವ ಅಣು ಮಾಡಿದರು. 1989ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಆ ಲೇಖನದ ಮೊದಲ ಹೆಸರು ಅವರದೇ. ಆ ವಂಶದ ಒಂದು ಔಷಧಕ್ಕೆ 2018ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು, ಅಪರೂಪದ ಒಂದು ರಕ್ತದ ಕ್ಯಾನ್ಸರಿಗೆ. ಬಳಸುವವರು ಕಡಿಮೆಯೆಂದು ಕಂಪನಿ ಆಮೇಲೆ ಮಾರಾಟ ನಿಲ್ಲಿಸಿತು.

ಆದರೆ ನನಗೆ ಅದಕ್ಕಿಂತ ಹೆಚ್ಚು ಪ್ರಿಯವಾದದ್ದು ಅವರು ದಿಲ್ಲಿಗೆ ಬಂದ ಮೇಲೆ ಮಾಡಿದ ಎಚ್‌ಐವಿ ಪರೀಕ್ಷೆ, ನೇವಾ. ಯಂತ್ರ ಬೇಡ, ಫ್ರಿಜ್ಜಿನ ಗಾತ್ರದ ಉಪಕರಣ ಬೇಡ. ಗಾಜಿನ ಸ್ಲೈಡಿನ ಮೇಲೆ ರೋಗಿಯ ಒಂದು ಹನಿ ರಕ್ತ, ಅದರ ಪಕ್ಕ ಒಂದು ಹನಿ ಬೆಸುಗೆ ಪ್ರೋಟೀನ್. ಕಡ್ಡಿಯಲ್ಲಿ ಕಲಸಿ ಸ್ಲೈಡನ್ನು ಹಿಂದೆಮುಂದೆ ತೂಗಿದರೆ, ಸೋಂಕು ಇದ್ದಲ್ಲಿ ಕೆಲವೇ ನಿಮಿಷದಲ್ಲಿ ರಕ್ತ ಒಡೆದ ಹಾಲಿನ ಹಾಗೆ ಕಣಕಣವಾಗುತ್ತದೆ, ಇಲ್ಲದಿದ್ದರೆ ನುಣ್ಣಗೆ ಉಳಿಯುತ್ತದೆ. ಬರಿಗಣ್ಣಿಗೇ ಕಾಣುತ್ತದೆ.

ಒಳಗೇನಾಯಿತು ನೋಡು. ಆ ಬೆಸುಗೆಯ ಒಂದು ಭಾಗ ಕೆಂಪು ರಕ್ತಕಣವನ್ನು ಹಿಡಿಯುವ ಪ್ರತಿಕಾಯದ ತುಂಡು, ಇನ್ನೊಂದು ಭಾಗ ಎಚ್‌ಐವಿ ಪ್ರೋಟೀನಿನ ತುಂಡು. ಹನಿ ಬೆರೆತ ಕೂಡಲೇ ಪ್ರತಿ ಕೆಂಪುಕಣದ ಮೈಮೇಲೂ ಎಚ್‌ಐವಿಯ ತುಂಡು ಮೊಳೆಯಂತೆ ನಿಲ್ಲುತ್ತದೆ. ಸೋಂಕಿತನ ರಕ್ತದಲ್ಲಿ ಎಚ್‌ಐವಿ ವಿರುದ್ಧದ ಪ್ರತಿಕಾಯ ಸಾಮಾನ್ಯವಾಗಿ ಇರುತ್ತದಲ್ಲ, ಅದಕ್ಕೆ ಎರಡು ಕೈ. ಒಂದು ಕೈಯಲ್ಲಿ ಈ ಕಣ, ಇನ್ನೊಂದರಲ್ಲಿ ಆ ಕಣ ಹಿಡಿದು ಗುಂಪು ಕಟ್ಟುತ್ತದೆ. ಈಗ ನಿನಗೊಂದು ಪ್ರಶ್ನೆ: ಕೆಂಪುಕಣ ಹಿಡಿಯಲು ಇಡೀ ಪ್ರತಿಕಾಯ ಬಳಸದೆ ಒಂಟಿ ಕೈಯ ತುಂಡನ್ನೇ ಯಾಕೆ ಬಳಸಿದರು? ಇಡೀ ಪ್ರತಿಕಾಯಕ್ಕೆ ಎರಡು ಕೈ ಇರುವುದರಿಂದ ಅದೇ ಎರಡು ಕಣ ಹಿಡಿದು ಗುಂಪು ಕಟ್ಟಿಬಿಡುತ್ತದೆ, ಆರೋಗ್ಯವಂತನ ರಕ್ತವೂ ಗಂಟುಗಟ್ಟುತ್ತದೆ. ಒಬ್ಬ ಮನುಷ್ಯನಿಗೆ ನಿನಗೆ ಎಚ್‌ಐವಿ ಇದೆ ಎಂದು ಸುಳ್ಳು ಹೇಳಿದಂತಾಗುತ್ತದೆ. ಯಾವುದನ್ನು ಬೆಸೆಯಬೇಕು ಎಂದು ಯೋಚಿಸುವಷ್ಟೇ ಹೊತ್ತು ಯಾವುದನ್ನು ಬಿಡಬೇಕು ಎಂದೂ ಅವರು ಯೋಚಿಸಿದ್ದಾರೆ. ನಿನ್ನ ನೋಟ್‌ಬುಕ್ಕಿನಲ್ಲಿ ಈ ಪರೀಕ್ಷೆಯ ಚಿತ್ರ ಬರೆದಿಟ್ಟುಕೋ.

ಇನ್ನು ಲಿಂಕರ್. ಎರಡು ಭಾಗದ ನಡುವಿನ ಆ ಹದಿನೈದು ಅಮಿನೊ ಆಮ್ಲದ ತುಂಡನ್ನು, ನಾಲ್ಕು ಗ್ಲೈಸಿನ್ ಒಂದು ಸೆರಿನ್ ಎಂದು ಮೂರು ಸಲ, ನೀನು ನಿಮ್ಮ ಸೀನಿಯರ್ ಒಬ್ಬರ ಪ್ಲಾಸ್ಮಿಡ್‌ನಿಂದ ಹಾಗೇ ತೆಗೆದುಕೊಂಡೆ ಅಂದೆ. ಗ್ಲೈಸಿನ್ನೇ ಯಾಕೆ ಎಂದು ಕೇಳಿದರೆ "ಎಲ್ಲರೂ ಅದನ್ನೇ ಹಾಕ್ತಾರೆ" ಅಂದೆ. ಉತ್ತರ ನಮ್ಮ ದಕ್ಷಿಣ ಭಾರತದಲ್ಲೇ ಇದೆ ಮಗಳೇ. ಜಿ.ಎನ್. ರಾಮಚಂದ್ರನ್ 1963ರಲ್ಲಿ, ಮದ್ರಾಸಿನಲ್ಲಿದ್ದಾಗ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಒಂದು ನಕ್ಷೆ ಕೊಟ್ಟರು. ಪ್ರೋಟೀನ್ ಸರಪಳಿಯ ಒಂದೊಂದು ಕೊಂಡಿ ಯಾವ ಕೋನಕ್ಕೆ ತಿರುಗಬಹುದು, ಯಾವ ಕೋನಕ್ಕೆ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ ಎನ್ನುವ ನಕ್ಷೆ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಆ ನಕ್ಷೆಯಲ್ಲಿ ಬೇರೆ ಅಮಿನೊ ಆಮ್ಲಗಳಿಗೆ ಸಿಕ್ಕಿರುವುದು ಸಣ್ಣ ಸಣ್ಣ ದ್ವೀಪ. ಗ್ಲೈಸಿನ್ನಿಗೆ ಮಾತ್ರ ವಿಶಾಲ ಬಯಲು, ಯಾಕೆಂದರೆ ಅದರ ಪಕ್ಕಕ್ಕೆ ಅಂಟಿಕೊಂಡಿರುವುದು ಬರಿಯ ಒಂದು ಹೈಡ್ರೋಜನ್, ಢಿಕ್ಕಿ ಹೊಡೆಯಲು ಏನೂ ಇಲ್ಲ. ಅದಕ್ಕೇ ಗ್ಲೈಸಿನ್ ಇರುವಲ್ಲಿ ಸರಪಳಿ ಹಗ್ಗದಂತೆ ಬಳುಕುತ್ತದೆ, ಎರಡು ಭಾಗವೂ ಒಂದರ ಮೈಮೇಲೊಂದು ಬೀಳದೆ ಮಡಚಿಕೊಳ್ಳಲು ಎಡೆ ಸಿಗುತ್ತದೆ. ಸೆರಿನ್ ನೀರಿಗೆ ಒಗ್ಗಲಿ ಎಂದು. ನಿನ್ನ ಎರಡು ಪ್ರೋಟೀನು ದೂರದೂರ ನಿಲ್ಲಬೇಕಾದವು ಆಗಿದ್ದರೆ ಈ ಬಳುಕೇ ತೊಂದರೆಯಾಗಬಹುದು, ಆಗ ಗಟ್ಟಿ ಕಡ್ಡಿಯಂಥ ಲಿಂಕರ್ ಬೇಕು. ಕಾರಣ ತಿಳಿದು ಹಾಕಿದವಳಿಗೆ ಬದಲಿಸಲೂ ಗೊತ್ತಾಗುತ್ತದೆ.

ಬಿಡಿಸುವ ಯೋಚನೆಯನ್ನೂ ಬೆಸೆಯುವ ಮೊದಲೇ ಮಾಡು. 1977ರಲ್ಲಿ ಇಟಕುರಾ, ಬೋಯರ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದಲ್ಲಿ ಮೊದಲ ಸಲ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನು ಮಾಡಿಸಿದರು. ಹದಿನಾಲ್ಕೇ ಅಮಿನೊ ಆಮ್ಲದ್ದು, ಹಾಗೇ ಬಿಟ್ಟರೆ ಬ್ಯಾಕ್ಟೀರಿಯಾ ಅರಗಿಸಿಕೊಂಡುಬಿಡುತ್ತದೆ. ದೊಡ್ಡದೊಂದು ಪ್ರೋಟೀನಿಗೆ ಬೆಸೆದು ಕಾಪಾಡಿದರು, ಬೆಸುಗೆಯ ಜಾಗದಲ್ಲಿ ಒಂದು ಮೆಥಿಯೊನಿನ್ ಇಟ್ಟರು. ಅಲ್ಲಿ ಕತ್ತರಿಸುವ ರಾಸಾಯನಿಕ ಅವರ ಬಳಿ ಇತ್ತು, ಹಾರ್ಮೋನಿನ ಒಳಗೆ ಮೆಥಿಯೊನಿನ್ ಇರಲಿಲ್ಲ. ನೀನು ಹಾಕುವ ಎಂಬಿಪಿ, ಜಿಎಸ್‌ಟಿ ಎಂಬ ಪ್ರೋಟೀನ್ ಬಾಲಗಳಿಗೂ ಇದೇ ಎಚ್ಚರ ಬೇಕು. ಎಂಬಿಪಿ ಹಚ್ಚಿದರೆ ಕರಗದ್ದೂ ಕರಗಿದ ಹಾಗೆ ಕಾಣುತ್ತದೆ, ಬಾಲ ಕತ್ತರಿಸಿದ ಕೂಡಲೇ ಬೆಳ್ಳಗೆ ಒಡೆದು ತಳಕ್ಕೆ ಕೂರುತ್ತದೆ. ಜಿಎಸ್‌ಟಿ ಜೋಡಿಯಾಗಿಯೇ ಇರುವ ಪ್ರೋಟೀನು, ನಿನ್ನದನ್ನೂ ಜೋಡಿ ಮಾಡಿಬಿಡುತ್ತದೆ. ಆಮೇಲೆ "ನನ್ನ ಪ್ರೋಟೀನು ಜೋಡಿ" ಎಂದು ಪೋಸ್ಟರಿನಲ್ಲಿ ಬರೆದು ಮುಖಭಂಗ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ.

ಪ್ರಕೃತಿಯೂ ಒಮ್ಮೊಮ್ಮೆ ಬೆಸೆಯುತ್ತದೆ. 9 ಮತ್ತು 22ನೇ ವರ್ಣತಂತುಗಳು ತುಂಡಾಗಿ ಅದಲುಬದಲಾದಾಗ ಬಿಸಿಆರ್-ಎಬಿಎಲ್ ಎಂಬ ಬೆಸುಗೆ ಹುಟ್ಟುತ್ತದೆ. ಎಬಿಎಲ್‌ಗೆ ತನ್ನದೇ ಲಗಾಮು ಇತ್ತು, ಬೆಸುಗೆಯಲ್ಲಿ ಅದು ಹೋಯಿತು. ಬಿಳಿರಕ್ತಕಣಗಳು ಅಂಕೆಯಿಲ್ಲದೆ ಹೆಚ್ಚುತ್ತವೆ. ಅದೇ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್. 2001ರಲ್ಲಿ ಅದಕ್ಕೆ ಇಮಾಟಿನಿಬ್ ಮಾತ್ರೆ ಬಂತು. ಆ ಮಾತ್ರೆಯ ಒಂದು ರೂಪಕ್ಕೆ ಪೇಟೆಂಟ್ ಬೇಕೆಂದು ನೊವಾರ್ಟಿಸ್ ಕಂಪನಿ ಹೂಡಿದ್ದ ಮೊಕದ್ದಮೆಯನ್ನು ಇದೇ ದಿಲ್ಲಿಯ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಕಂಪನಿಯ ಮಾತ್ರೆ ತಿಂಗಳಿಗೆ ಲಕ್ಷ ದಾಟುತ್ತಿತ್ತು, ನಮ್ಮ ದೇಶದ ಜೆನೆರಿಕ್ ಹತ್ತು ಸಾವಿರದೊಳಗೆ. ಆ ತೀರ್ಪು ನನಗೆ ಸರಿಯೆನಿಸಿತು, ಇಂದಿಗೂ ಸರಿಯೆನಿಸುತ್ತದೆ.

ದುಡ್ಡಿನ ಮಾತು ಯಾಕೆ ಎತ್ತಿದೆನೆಂದರೆ, ಔಷಧವಾಗಿ ಬರುವ ಬೆಸುಗೆ ಪ್ರೋಟೀನುಗಳೂ ದುಬಾರಿ. ನಿನ್ನ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಊದಿಕೊಂಡಾಗ ಡಾಕ್ಟರು ಅಫ್ಲಿಬರ್ಸೆಪ್ಟ್ ಬರೆದರು. ಚೀಟಿಯಲ್ಲಿ "ಸೆಪ್ಟ್" ನೋಡಿದ ಕೂಡಲೇ ನನಗೆ ತಿಳಿಯಿತು. ಹೆಸರಿನ ಕೊನೆಗೆ ಸೆಪ್ಟ್ ಬಂದರೆ ಒಳಗೊಂದು ಗ್ರಾಹಕದ (ರಿಸೆಪ್ಟರ್) ತುಂಡು ಇದೆ ಎಂದರ್ಥ. ಸಂಧಿವಾತಕ್ಕೆ 1998ರಲ್ಲಿ ಬಂದ ಎಟನರ್ಸೆಪ್ಟ್ ಕೂಡ ಇದೇ ಮನೆತನದ್ದು. ಅಫ್ಲಿಬರ್ಸೆಪ್ಟ್‌ನಲ್ಲಿ ರಕ್ತನಾಳ ಬೆಳೆಸುವ ಸಂದೇಶವನ್ನು ಹಿಡಿಯುವ ಎರಡು ಗ್ರಾಹಕಗಳಿಂದ ಒಂದೊಂದು ತುಂಡು, ಅದಕ್ಕೆ ಪ್ರತಿಕಾಯದ ಕಾಂಡ ಬೆಸೆದಿದೆ. ಕಣ್ಣಿಗೆ ಹಾಕುವುದು 0.05 ಮಿಲಿಲೀಟರ್. ಐವತ್ತು ಮೈಕ್ರೊಲೀಟರ್! ಮೂವತ್ತು ವರ್ಷ ಪಿಪೆಟ್ಟಿನಲ್ಲಿ ನಾನು ದಿನಕ್ಕೆ ನೂರು ಸಲ ಎಳೆದ ಅಳತೆ. ಚೆಲ್ಲಿದರೆ ಮತ್ತೆ ಎಳೆಯುತ್ತಿದ್ದೆ. ಆ ದಿನ ಆಪರೇಷನ್ ಥಿಯೇಟರಿನ ಹೊರಗೆ ಕೂತು, ಅಷ್ಟೇ ಒಂದು ಹನಿ ನಮ್ಮ ಮನೆಯವರ ಕಣ್ಣೊಳಗೆ ಹೋಗುತ್ತಿದೆ ಎಂದುಕೊಂಡಾಗ ಕೈ ನಡುಗಿತು. ಅದರ ಬೆಲೆ ಪ್ರತಿ ಸಲವೂ ಭರಿಸಲಾಗದೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರು ಅದೇ ಬೆಂಚಿನ ಮೇಲೆ ಕೂತು ಹೇಳಿದ್ದನ್ನು ಕೇಳಿದ್ದೇನೆ. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್ ಕಂಪನಿಯ ಬಯೋಸಿಮಿಲರ್‌ಗೆ, ಅಂದರೆ ಇದನ್ನೇ ಹೋಲುವ ಔಷಧಕ್ಕೆ, ಅಮೆರಿಕದ ಒಪ್ಪಿಗೆ ಸಿಕ್ಕಿತು. ಪತ್ರಿಕೆಯಲ್ಲಿ ಓದಿದ ದಿನ ನಾನು ನಿನ್ನ ದೊಡ್ಡಪ್ಪನನ್ನು ಕರೆದು ಓದಿ ಹೇಳಿದೆ. ಕಡಿಮೆ ಖರ್ಚಿನಲ್ಲಿ ಅಷ್ಟೇ ಶುದ್ಧವಾಗಿ ಮಾಡುವ ವಿದ್ಯೆಯೂ ವಿಜ್ಞಾನವೇ. ನಿನ್ನ ಗೈಡ್ ಇಳುವರಿ ಎಷ್ಟು ಎಂದು ಕೇಳಿದಾಗ ಬೇಸರಪಡಬೇಡ.

ನೀನು ಮೊನ್ನೆ ಜೆಲ್ಲಿನ ಫೋಟೊ ಕಳಿಸಿದ್ದೀಯ. 62ರ ಜಾಗದಲ್ಲಿ ಬರಬೇಕಾದದ್ದು 40ರ ಹತ್ತಿರ ದಪ್ಪಗೆ ಬಂದಿದೆ, "ಡಿಗ್ರೇಡ್ ಆಗ್ತಿದೆ ಅನ್ಸುತ್ತೆ ದೊಡ್ಡಮ್ಮ" ಅಂತ ಬರೆದಿದ್ದೀಯ. ಶಾಖ ಇಳಿಸಬೇಡ, ತಳಿ ಬದಲಿಸಬೇಡ. ಸೋಮವಾರ ಬೆಳಿಗ್ಗೆ ಮೊದಲ ಕೆಲಸವಾಗಿ ಆ ಪ್ಲಾಸ್ಮಿಡನ್ನು ಸೀಕ್ವೆನ್ಸಿಂಗಿಗೆ ಕಳಿಸು. ಬೆಸುಗೆಯನ್ನು ಎರಡೂ ಕಡೆಯಿಂದ ಓದಿಸು. ವರದಿ ಬಂದಾಗ ಕಂಪ್ಯೂಟರು ಹಸಿರು ಟಿಕ್ ತೋರಿಸಿದರೂ ಒಪ್ಪದೆ ಪ್ರಿಂಟ್ ತೆಗೆದು ಇಟ್ಟುಕೋ. ಮುಂದಿನ ಭಾನುವಾರ ಊಟಕ್ಕೆ ಬರುವಾಗ ಅದನ್ನೂ ಒಂದು ಕೆಂಪು ಪೆನ್ನನ್ನೂ ತಾ. ಊಟದ ಮೇಜಿನ ಮೇಲೆ ಹರಡಿಕೊಂಡು, ಮೂರು ಮೂರು ಅಕ್ಷರಕ್ಕೆ ಗೆರೆ ಎಳೆಯುತ್ತಾ ಇಬ್ಬರೂ ಓದೋಣ.